14 ಪುಟದ ಕಥೆಯನ್ನು ಮಡಚಿಟ್ಟ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವುದು ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡುವ ಕಥೆಯಾಟ. ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ, ಅವರ ಸುತ್ತಲಿನ ಲೋಕವನ್ನು ವರ್ಣಿಸಿ ಆಟ ನಡೆಸುವವರು ಗೇಮ್ ಮಾಸ್ಟರ್, ಆಗುತ್ತದೋ ಇಲ್ಲವೋ ಅನ್ನುವ ಕೆಲಸಕ್ಕೆ ದಾಳ. ಮೊದಲ ಸಲ ಗೇಮ್ ಮಾಸ್ಟರ್ ಆಗಿ ಕೂರುವ ಮುಂಚೆ ನಾನು 14 ಪುಟ ಬರೆದುಕೊಂಡಿದ್ದೆ. ನದಿ ದಡದಲ್ಲೊಂದು ಊರು. ಅಲ್ಲಿನ ಗೋಪುರದ ಗಂಟೆ ರಾತ್ರೋರಾತ್ರಿ ಮಾಯವಾಗಿದೆ. ಆಟಗಾರರು ಮೊದಲು ಊರಿನ ಹಿರಿಯರನ್ನು ಕಾಣಬೇಕು, ಆಮೇಲೆ ಗೋಪುರ ಹತ್ತಬೇಕು, ಅಲ್ಲಿ ಹರಿದ ಬಟ್ಟೆಯ ಚೂರು ಸಿಗಬೇಕು, ಅದರ ಜಾಡು ಹಿಡಿದು ಕಾಡಿಗೆ ಹೋಗಬೇಕು. ಯಾರು ಯಾವಾಗ ಏನು ಹೇಳುತ್ತಾರೆ ಅನ್ನುವುದೂ ಬರೆದಾಗಿತ್ತು.

ಆಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಊರನ್ನು ವರ್ಣಿಸುತ್ತಾ ಸುಮ್ನೆ ಒಂದು ಮಾತು ಸೇರಿಸಿದೆ. "ದಡದಲ್ಲಿ ಒಬ್ಬ ಅಂಬಿಗ ದೋಣಿ ತೊಳೀತಾ ಇದ್ದಾನೆ." ಕಳ್ಳಿಯ ಪಾತ್ರ ತೆಗೆದುಕೊಂಡಿದ್ದ ಗೆಳತಿ ಮೇಜಿನ ಮೇಲೆ ಬಾಗಿ ಕೇಳಿದಳು.

"ಅವನ ಕೈ ನೋಡ್ತೀನಿ. ಏನಾದ್ರೂ ಗಾಯ ಇದ್ಯಾ?"

ನನ್ನ 14 ಪುಟದಲ್ಲಿ ಅಂಬಿಗನ ಬಗ್ಗೆ ಒಂದು ಸಾಲೂ ಇರಲಿಲ್ಲ. "ಇಲ್ಲ, ಏನೂ ಇಲ್ಲ" ಅಂದೆ.

"ಸರಿ, ಮಾತಾಡಿಸ್ತೀನಿ."

"ಅವನಿಗೆ ಏನೂ ಗೊತ್ತಿಲ್ಲ."

"ದೋಣಿ ಒಳಗೆ ನೋಡ್ಬಹುದಾ?"

"ದೋಣಿ ಖಾಲಿ. ಊರಿನ ಹಿರಿಯರು ನಿಮಗಾಗಿ ಕಾಯ್ತಾ ಇದ್ದಾರೆ."

ಅವಳು ಹಿಂದಕ್ಕೆ ಒರಗಿ ಕೂತಳು. ಆ ಸಂಜೆ ಪೂರ್ತಿ ತಾನಾಗಿ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಸರದಿ ಬಂದಾಗ ದಾಳ ಉರುಳಿಸಿದಳು, ಅಷ್ಟೇ. ಆಟ ಮುಗಿದ ಮೇಲೆ ಎಲ್ಲರೂ "ಚೆನ್ನಾಗಿತ್ತು" ಅಂದರು. ಅವಳೂ ಅಂದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣರಳಿಸಿ ಕೇಳಿದವಳನ್ನು ಮೂರು ಸಲ ಬಾಯಿ ಮುಚ್ಚಿಸಿದ್ದೆ, ಅಲ್ವಾ?

ನೀವು ಮೊದಲ ಸಲ ಆಟ ನಡೆಸಲು ಹೊರಟಿದ್ದರೆ ಇದನ್ನೇ ಮೊದಲು ಹೇಳಬೇಕು ಅನ್ನಿಸುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೊದಲು ಅಚ್ಚಾಗಿದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆ ಮೊದಲ ಪುಸ್ತಿಕೆಗಳಲ್ಲಿ ಆಟ ನಡೆಸುವವರನ್ನು ಕರೆದಿದ್ದು 'ರೆಫರಿ' ಅಂತ. ಈ ಆಟದ ಗೇಮ್ ಮಾಸ್ಟರ್‌ಗೆ ಡಂಜನ್ ಮಾಸ್ಟರ್ ಅನ್ನುವ ಹೆಸರು ಆಮೇಲೆ ಬಂತು. ಆ ಹಳೇ ಹೆಸರು ನನಗೆ ತುಂಬಾ ಇಷ್ಟ. ಪಂದ್ಯ ಹೇಗೆ ಮುಗಿಯಬೇಕು ಅಂತ ರೆಫರಿ ಮನೆಯಲ್ಲೇ ಬರೆದುಕೊಂಡು ಬರುವುದಿಲ್ಲ. ನಾನು ಬರೆದುಕೊಂಡು ಹೋಗಿದ್ದೆ.

ಮಾರನೇ ದಿನ ನಾಲ್ವರಿಗೂ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅದೇ ಊರನ್ನು ಮೊದಲಿಂದ ಆಡೋಣವಾ ಅಂತ ಕೇಳಿದೆ. ಒಪ್ಪಿದರು. ಈ ಸಲ ತಯಾರಿ ಅರ್ಧ ಪುಟ. ಅದರಲ್ಲಿ ಘಟನೆಗಳೇ ಇರಲಿಲ್ಲ. ಯಾರಿಗೆ ಏನು ಬೇಕು, ಯಾರು ಯಾರಿಗೆ ಹೆದರುತ್ತಾರೆ, ಯಾರೂ ತಡೆಯದಿದ್ದರೆ ಮೂರು ದಿನದಲ್ಲಿ ಏನಾಗುತ್ತದೆ, ಇಷ್ಟೇ. ಪಕ್ಕದಲ್ಲಿ ಹತ್ತು ಹೆಸರು ಗೀಚಿಕೊಂಡಿದ್ದೆ. ಆಟಗಾರರು ದಾರಿಯಲ್ಲಿ ಸಿಕ್ಕವರನ್ನೆಲ್ಲ "ನಿನ್ನ ಹೆಸರೇನು?" ಅಂತ ಕೇಳುತ್ತಾರೆ. ಆ ಕ್ಷಣಕ್ಕೆ ಒಂದು ಹೆಸರೂ ಹೊಳೆಯುವುದಿಲ್ಲ, ಬೇಕಿದ್ದರೆ ನೋಡಿ. ತಡವರಿಸಿದರೆ ಇವನು ಮುಖ್ಯ ಅಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ.

ಎರಡನೇ ಸಲ ಕೂತಾಗ ಗೆಳತಿ ಕೇಳಿದ ಮೊದಲ ಪ್ರಶ್ನೆ, "ಅಂಬಿಗ ಇದ್ದಾನಾ?"

"ಇದ್ದಾನೆ. ದೋಣಿ ತೊಳೀತಾ ಇದ್ದಾನೆ."

"ಅವನ ಕೈ ನೋಡ್ತೀನಿ."

ದಾಳ ಹಾಕಿಸಲಿಲ್ಲ. ಕಣ್ಣೆದುರಿಗೆ ಕಾಣುವುದಕ್ಕೆ ದಾಳ ಯಾಕೆ? "ಬಲಗೈ ಅಂಗೈಯಲ್ಲಿ ಅಡ್ಡಡ್ಡ ಒಂದು ಕೆಂಪು ಗೀರು. ಭಾರದ ಹಗ್ಗ ಜಾರಿದರೆ ಚರ್ಮ ಸುಲಿಯುತ್ತಲ್ಲ, ಹಾಗೆ. ನೀನು ನೋಡಿದ್ದು ಗೊತ್ತಾಗಿ ಅವನು ಕೈಯನ್ನು ನೀರಿಗೆ ಅದ್ದಿದ." ಇಷ್ಟು ಹೇಳಿ ನಿಲ್ಲಿಸಿ, "ಏನ್ ಮಾಡ್ತೀರಿ?" ಅಂದೆ.

ಆ ಗೀರಿನ ಅರ್ಥ ಏನು ಅಂತ ನನಗೇ ಇನ್ನೂ ಗೊತ್ತಿರಲಿಲ್ಲ. ನಾಲ್ವರೂ ಒಟ್ಟಿಗೆ ಮಾತಾಡತೊಡಗಿದರು. ಗಂಟೆಯನ್ನು ಹಗ್ಗ ಕಟ್ಟಿ ದೋಣಿಗೆ ಇಳಿಸಿದ್ದಾರೆ ಅಂತ ಒಬ್ಬ. ಅಷ್ಟು ಭಾರಕ್ಕೆ ದೋಣಿ ಮುಳುಗುತ್ತೆ, ಹಾಗಾದ್ರೆ ಗಂಟೆ ನದಿ ತಳದಲ್ಲೇ ಇದೆ ಅಂತ ಇನ್ನೊಬ್ಬ. ನಾನು ಬಾಯಿ ಬಿಡದೆ ಕೇಳಿಸಿಕೊಂಡೆ. ನದಿ ತಳದ ಮಾತು ನನ್ನ ಕಾಡಿನ ಕಥೆಗಿಂತ ಎಷ್ಟೋ ಚೆನ್ನಾಗಿತ್ತು. ಹಾಗೇ ಇಟ್ಟುಕೊಂಡೆ.

ಹೀಗೆ ಮಾಡುವುದು ಮೋಸ ಅನ್ನುವವರಿದ್ದಾರೆ. ಆಟಗಾರರು ಊಹಿಸಿದ್ದೇ ಸತ್ಯವಾದರೆ ಅವರು ಕಂಡುಹಿಡಿದದ್ದು ಏನು ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ. ನಾನು ತುಂಬಾ ಯೋಚಿಸಿ ಒಂದು ಗೆರೆ ಹಾಕಿಕೊಂಡಿದ್ದೇನೆ. ಮೇಜಿನ ಮುಂದೆ ಬಾಯಿಬಿಟ್ಟು ಹೇಳುವ ತನಕ ಆ ಲೋಕದಲ್ಲಿ ಏನೂ ನಡೆದಿಲ್ಲ, ಏನು ಬೇಕಾದರೂ ಬದಲಾಯಿಸಬಹುದು. ಹೇಳಿದ ಮೇಲೆ ಕದ್ದುಮುಚ್ಚಿ ಬದಲಾಯಿಸುವಂತಿಲ್ಲ. ಗೀರು ಇದೆ ಅಂದ ಮೇಲೆ ಗೀರು ಇದೆ. ದಾಳಕ್ಕೂ ಇದೇ ಮಾತು. ಪರದೆ ಹಿಂದೆ ದಾಳ ಹಾಕಿ ಗರ ತಿದ್ದುವುದನ್ನು ಪೂರ್ತಿ ಬಿಟ್ಟೆ. ಈಗ ಎಲ್ಲರ ಎದುರಿಗೇ ಉರುಳಿಸುತ್ತೇನೆ.

ಹಾಗಾಗಿ ದಾಳ ಹಾಕಿ ಅನ್ನುವ ಮುಂಚೆಯೇ ಯೋಚಿಸಬೇಕು. ಮೊದಲ ದಿನ ಗೋಪುರದ ಬಾಗಿಲಿಗೆ ಬೀಗ ಹಾಕಿದ್ದೆ. ಬೀಗ ತೆಗೆಯಲು 15 ಬೇಕು ಅಂದೆ. ದಾಳದಲ್ಲಿ ಬಿದ್ದದ್ದಕ್ಕೆ ಪಾತ್ರದ ಬೋನಸ್ ಸೇರಿಸಬೇಕು, ಆಟಗಾರನ ಬೋನಸ್ 3. ಅಂದರೆ 20 ಮುಖದ ದಾಳದಲ್ಲಿ 12 ಅಥವಾ ಜಾಸ್ತಿ ಬೀಳಬೇಕು. 20ರಲ್ಲಿ 9 ಸಲ ಮಾತ್ರ ಆಗುವ ಕೆಲಸ. ಬಿದ್ದಿದ್ದು 6. ಬಾಗಿಲು ತೆರೆಯಲಿಲ್ಲ, ಬಟ್ಟೆಯ ಚೂರು ಒಳಗೇ ಉಳಿಯಿತು, ಕಥೆ ಅಲ್ಲೇ ನಿಂತಿತು. ಇಪ್ಪತ್ತು ನಿಮಿಷ ನಾವು ಐದೂ ಜನ ಬರೀ ಕಲ್ಪನೆಯ ಒಂದು ಬಾಗಿಲನ್ನು ನೋಡುತ್ತಾ ಕೂತಿದ್ದೆವು. ಕೊನೆಗೆ ಕಾವಲುಗಾರನೊಬ್ಬ ಎಲ್ಲಿಂದಲೋ ಬಂದು ಬೀಗ ತೆಗೆದ.

ಈಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಗರ ಬೀಳದಿದ್ದರೆ ಏನಾಗುತ್ತದೆ? ಆಗುವುದು ಆಟವನ್ನು ಮುಂದಕ್ಕೆ ತಳ್ಳುತ್ತದಾ? ಅದೇ ಬೀಗಕ್ಕೆ 6 ಬಿದ್ದರೆ ಈಗ ಹೇಳುವುದು ಬೇರೆ. ಬೀಗ ತೆರೆಯಿತು, ಆದರೆ ಅಷ್ಟು ಹೊತ್ತಿಗೆ ಕೆಳಗೆ ಕಾವಲುಗಾರನ ದೀಪ ಕಾಣಿಸಿತು. ಏನೂ ಹೊಳೆಯದಿದ್ದರೆ ದಾಳವೇ ಬೇಡ, ಬಾಗಿಲು ತೆರೆದುಬಿಡಿ. ಮುಖ್ಯವಾದ ಯಾವ ವಿಷಯಕ್ಕೂ ಒಂದೇ ಸುಳಿವು ಇಡಬೇಡಿ. ಮೂರು ಇಡಿ, ಬೇರೆ ಬೇರೆ ಕಡೆ. ಒಂದನ್ನು ಅವರು ನೋಡುವುದೇ ಇಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೈ ಹಿಡಿಯುತ್ತದೆ.

ಇನ್ನು ಕಾದಾಟ. ಆ ಮೊದಲ ದಿನವೇ ಕಾಡಿನಲ್ಲಿ ಆರು ಗಾಬ್ಲಿನ್‌ಗಳನ್ನು, ಅಂದರೆ ಕುಳ್ಳ ದುಷ್ಟಜೀವಿಗಳನ್ನು, ಇಟ್ಟಿದ್ದೆ. ನಾವು ಆಡುತ್ತಿದ್ದದ್ದು 2014ರ ಐದನೇ ಆವೃತ್ತಿ. ಅದರಲ್ಲಿ ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್ (ಏಟು ಬಿದ್ದಂತೆಲ್ಲ ಇಳಿಯುವ ಜೀವದ ಅಂಕ), ಒಂದೇಟಿಗೆ ಬಿದ್ದುಹೋಗುತ್ತದೆ ಅಂದುಕೊಂಡೆ. ಆದರೆ ಅದು ಹೊಡೆದರೆ 3ರಿಂದ 8 ಪಾಯಿಂಟ್ ಹೋಗುತ್ತದೆ, ಒಂದು ಸುತ್ತಿಗೆ ಆರು ಏಟು. ಮಂತ್ರವಾದಿಯ ಹತ್ತಿರ ಇದ್ದದ್ದೇ 8. ಕಾದಾಟ ಎಷ್ಟು ಕಷ್ಟ ಅಂತ ಅಂಕದಲ್ಲಿ ಅಳೆಯುವ ಪುಸ್ತಕದ ಲೆಕ್ಕವನ್ನು ಆಮೇಲೆ ಕೂತು ಹಾಕಿದೆ. ಗಾಬ್ಲಿನ್‌ಗೆ ತಲಾ 50, ಆರಕ್ಕೆ 300. ಗುಂಪು ದೊಡ್ಡದಾದ್ದರಿಂದ ಎರಡರಿಂದ ಗುಣಿಸಿದರೆ 600. ಆಗಷ್ಟೇ ಶುರುಮಾಡಿದ, ಮೊದಲ ಹಂತದ ನಾಲ್ಕು ಪಾತ್ರಗಳಿಗೆ ಪ್ರಾಣಾಂತಿಕ ಅನ್ನುವ ಮಟ್ಟವೇ 400. ನಾಲ್ಕು ಗಾಬ್ಲಿನ್ ಇಟ್ಟಿದ್ದರೂ ಸರಿಯಾಗಿ 400. ಎರಡು ಸಾಕಿತ್ತು.

ಎರಡನೇ ಸುತ್ತಿಗೆ ಇಬ್ಬರು ನೆಲಕ್ಕೆ ಬಿದ್ದರು. ಮೇಜು ಸ್ತಬ್ಧ. ಗಾಬ್ಲಿನ್‌ಗಳ ಹಿಟ್ ಪಾಯಿಂಟ್ ಸದ್ದಿಲ್ಲದೆ ಕಡಿಮೆ ಮಾಡೋಣ ಅಂತ ಮನಸ್ಸಾಯಿತು. ಮಾಡಲಿಲ್ಲ. ಅದರ ಬದಲು ಗಾಬ್ಲಿನ್‌ಗಳಿಗೆ ಏನು ಬೇಕು ಅಂತ ಯೋಚಿಸಿದೆ. ಅವಕ್ಕೆ ಹೆಣ ಬೇಕಿಲ್ಲ, ಬಿಡಿಸಿಕೊಳ್ಳಲು ಯಾರಾದರೂ ದುಡ್ಡು ಕೊಡುವಂಥ ಸೆರೆಯಾಳು ಬೇಕು. ಗುಂಪಿನ ನಾಯಕ ಕತ್ತಿ ಇಳಿಸಿ, "ಶರಣಾಗ್ತೀರಾ?" ಅಂದ. ಅವತ್ತಿನ ಆಟದಲ್ಲಿ ನಿಜವಾಗಿ ಜೀವ ಬಂದ ಜಾಗ ಅದೊಂದೇ. ಎದುರಾಳಿಗೂ ಏನೋ ಬೇಕಾಗಿರುತ್ತದೆ ಅನ್ನುವುದು ನೆನಪಿದ್ದರೆ ಕಾದಾಟಕ್ಕೆ ಸಾಯಿಸುವುದು, ಸಾಯುವುದು ಬಿಟ್ಟು ಬೇರೆ ದಾರಿಗಳೂ ಸಿಗುತ್ತವೆ.

ನಿಯಮ ನೆನಪಾಗದಿದ್ದರೆ ಆಟ ನಿಲ್ಲಿಸಿ ಪುಸ್ತಕ ತಿರುವಬೇಡಿ. "ಇವತ್ತಿಗೆ ಹೀಗೆ ಮಾಡೋಣ, ಆಮೇಲೆ ನೋಡ್ತೀನಿ" ಅಂತ ಹೇಳಿ ಗುರುತು ಹಾಕಿಕೊಳ್ಳಿ. ಆಮೇಲೆ ನಿಜವಾಗಲೂ ನೋಡಿ, ತಪ್ಪಾಗಿದ್ದರೆ ಮುಂದಿನ ಸಲ ಹೇಳಿ.

ಮೊದಲ ಸಲ ನಾನು ಮಾಡದೇ ಬಿಟ್ಟ ಇನ್ನೊಂದು ಕೆಲಸ, ಆಡುವ ಮುಂಚೆ ಎಲ್ಲರೂ ಕೂತು ಮಾತಾಡುವುದು. ಸೆಷನ್ ಝೀರೋ ಅನ್ನುತ್ತಾರೆ. ಎಂಥ ಆಟ ಬೇಕು, ಎಷ್ಟು ಹೊತ್ತು, ಯಾವ ವಿಷಯ ಬೇಡವೇ ಬೇಡ. ನಮ್ಮಲ್ಲೊಬ್ಬರಿಗೆ ಮಕ್ಕಳಿಗೆ ಹಿಂಸೆಯಾಗುವ ದೃಶ್ಯ ತಡೆಯಲಾಗದು ಅಂತ ನನಗೆ ತಿಳಿದದ್ದೇ ಎರಡನೇ ಸಲ ಕೇಳಿದ ಮೇಲೆ. ಮೇಜಿನ ನಡುವೆ ಎಕ್ಸ್ ಕಾರ್ಡ್ ಇಡುವುದೂ ಅಂದೇ ಶುರುವಾಯಿತು. ಯಾರಾದರೂ ಅದನ್ನು ಮುಟ್ಟಿದರೆ ಆ ಭಾಗ ಕೈಬಿಡುತ್ತೇವೆ, ಕಾರಣ ಕೇಳುವುದಿಲ್ಲ. ಇದುವರೆಗೆ ಮುಟ್ಟಿದ್ದು ಒಂದೇ ಸಲ. ಅದೊಂದು ಸಲಕ್ಕೆ ಅದು ಅಲ್ಲಿತ್ತಲ್ಲ ಅಂತ ನನಗೆ ಸಮಾಧಾನ.

ಮಾತು ಕಡಿಮೆ ಇರುವವರನ್ನು ಮರೆಯಬೇಡಿ. "ಯಾರಾದ್ರೂ ಏನಾದ್ರೂ ಮಾಡ್ತೀರಾ?" ಅಂದರೆ ಜೋರು ಗಂಟಲಿನವರೇ ಉತ್ತರ ಕೊಡುತ್ತಾರೆ. ಪಾತ್ರದ ಹೆಸರು ಹಿಡಿದು ಕೇಳಿ, ಕೇಳಿದ ಮೇಲೆ ಕಾಯಿರಿ. ಐದಾರು ಸೆಕೆಂಡಿನ ಮೌನ ಆಟ ನಡೆಸುವವರಿಗೆ ತುಂಬಾ ಉದ್ದ ಅನ್ನಿಸುತ್ತದೆ, ಬಾಯಿ ತುರಿಸುತ್ತದೆ. ತಡೆದುಕೊಳ್ಳಿ. ಅವರು ಯೋಚಿಸುತ್ತಿದ್ದಾರೆ.

ಏಳುವ ಮುಂಚೆ ನಾನು ತಪ್ಪದೆ ಕೇಳುವುದು ಒಂದಿದೆ. "ಮುಂದಿನ ಸಲ ಏನ್ ಮಾಡ್ಬೇಕು ಅಂತಿದ್ದೀರಿ?" ಆ ಎರಡನೇ ಸಂಜೆ ಗೆಳತಿ ಅಂದಳು, "ಅಂಬಿಗನ ದೋಣಿ ಕದ್ದು, ರಾತ್ರಿ ನದಿಗೆ ಇಳೀತೀವಿ." ಉಳಿದ ಮೂವರೂ ತಲೆಯಾಡಿಸಿದರು. ಊರಿನ ಹಿರಿಯರು, ಗೋಪುರ, ಕಾಡು, ಯಾವುದಕ್ಕೂ ನಾನು ತಯಾರಿ ಮಾಡಬೇಕಿರಲಿಲ್ಲ. ಮನೆಗೆ ಬಂದು ಹೊಸ ಹಾಳೆ ತೆಗೆದೆ. ಮೇಲೆ 'ನದಿ ತಳ' ಅಂತ ಬರೆದು, ಕೆಳಗೆ ಅಲ್ಲಿ ಯಾರಿದ್ದಾರೆ, ಅವರಿಗೆ ಏನು ಬೇಕು ಅಂತ ಯೋಚಿಸತೊಡಗಿದೆ.