ಸಂಡೂರಿನ ಅದಿರು ಲಾರಿ, 1:24ರಲ್ಲಿ: ನಟ್ಟು, ಹಗ್ಗ, ಬೋರ್ಡು, ಕೆಂದೂಳು

ಹತ್ತು ಗಾಲಿಯ ಟಿಪ್ಪರ್ ಮಾದರಿ ದೂರದಿಂದ ಚೆನ್ನಾಗಿ ಕಂಡು, ಹತ್ತಿರ ಹೋದೊಡನೆ ಆಟಿಕೆಯಾಗಿ ಬಿಡುವುದಕ್ಕೆ ಮುಖ್ಯ ಕಾರಣ ದಪ್ಪ. ಹಗ್ಗ ದಪ್ಪ, ಮಡ್‌ಫ್ಲ್ಯಾಪ್ (ಗಾಲಿಯ ಹಿಂದೆ ತೂಗುವ ರಬ್ಬರ್ ತಡೆ) ದಪ್ಪ, ತಾಡಪತ್ರಿ ದಪ್ಪ, ಬಳಿದ ಧೂಳೂ ದಪ್ಪ. ಸಂಡೂರು, ತೋರಣಗಲ್ಲು ಕಡೆ ಅದಿರು ಹೊತ್ತು ಓಡಾಡುವ ಗಾಡಿಯನ್ನು 1:24 ಅಳತೆಯಲ್ಲಿ, ಅಂದರೆ ನಿಜವಾದದ್ದರ ಇಪ್ಪತ್ತನಾಲ್ಕನೇ ಒಂದು ಪಾಲಿಗೆ, ಮಾಡುವವರಿಗೆ ಈ ವಿವರ. ಮೂಲ ಗಾಡಿ ಕಿಟ್ ಆಗಿರಲಿ, ಅಂಗಡಿಯಿಂದ ತಂದ ಪ್ಲಾಸ್ಟಿಕ್ ಲಾರಿಯಾಗಿರಲಿ, ಮೇಲಿನ ಕೈಕೆಲಸದಲ್ಲಿ ವ್ಯತ್ಯಾಸವಿಲ್ಲ.

ಸ್ಕೇಲ್ ಮೊದಲು ಖಚಿತವಾಗಲಿ

ಆಟಿಕೆ ಲಾರಿಗಳ ಡಬ್ಬಿಯ ಮೇಲೆ ಸ್ಕೇಲ್ ಬರೆದಿರುವುದಿಲ್ಲ, ಬರೆದಿದ್ದರೂ ನಂಬುವಂತಿಲ್ಲ. ಲಾರಿಗೆ ಹಾಕುವ 10.00-20 ಟೈರಿನ ಹೊರವ್ಯಾಸ ಸುಮಾರು 1050 ಮಿ.ಮೀ. ಮಾದರಿಯ ಟೈರನ್ನು ಅಳೆದು 1050ನ್ನು ಅದರಿಂದ ಭಾಗಿಸಿ. ಮಾದರಿಯ ಟೈರ್ 44 ಮಿ.ಮೀ. ಇದ್ದರೆ 1:24, 30 ಮಿ.ಮೀ. ಇದ್ದರೆ 1:35. ಆಮೇಲೆ ಕ್ಯಾಬಿನ್ ಅಗಲ ನೋಡಿ: ನಿಜವಾದದ್ದು 2.4ರಿಂದ 2.5 ಮೀಟರ್, ಅಂದರೆ 1:24ರಲ್ಲಿ 100–104 ಮಿ.ಮೀ. ಎರಡು ಲೆಕ್ಕ ಹೊಂದದಿದ್ದರೆ ಕ್ಯಾಬಿನ್ ಲೆಕ್ಕವನ್ನೇ ಹಿಡಿಯಿರಿ. ಸಣ್ಣ ವಿವರಗಳೆಲ್ಲ ಕೂರುವುದು ಅದರ ಮೇಲೆ. ಗಾಲಿಯನ್ನು ಬೇಕಾದರೆ ಬದಲಿಸಬಹುದು.

1:24ರಲ್ಲಿ 20 ಮಿ.ಮೀ. ಹಗ್ಗ 0.8 ಮಿ.ಮೀ. ಆಗುತ್ತದೆ. 30 ಮಿ.ಮೀ. ವೀಲ್ ನಟ್ 1.25, 10–12 ಮಿ.ಮೀ. ಬ್ರೇಕ್ ಪೈಪ್ 0.4–0.5, 5 ಮಿ.ಮೀ. ಮಡ್‌ಫ್ಲ್ಯಾಪ್ 0.2. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಅನುಮಾನ ಬಂದಾಗ ತೆಳುವಾದದ್ದನ್ನೇ ಆರಿಸಿ. ತೆಳುವಾದದ್ದು ಕಣ್ಣಿಗೆ ಚುಚ್ಚುವುದಿಲ್ಲ, ದಪ್ಪವಾದದ್ದು ಚುಚ್ಚುತ್ತದೆ.

ಗಾಡಿ ಯಾವ ವರ್ಷದ್ದು ಎಂಬುದೂ ಈಗಲೇ ತೀರ್ಮಾನವಾಗಬೇಕು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮೊದಲಿನ ಲಾರಿ ಮಾಡುತ್ತಿದ್ದರೆ ಅದಕ್ಕೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಹಾಕಿದರೆ ತಪ್ಪು; ಅದು ಹೊಸ ಗಾಡಿಗಳಿಗೆ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ.

ನಟ್ಟು, ರಿವೆಟ್ಟು, ಪೈಪು

ಮೆಡಿಕಲ್ ಶಾಪಿನಲ್ಲಿ ಸಿಗುವ ಹೊಸ ಇಂಜೆಕ್ಷನ್ ಸೂಜಿಗಳೇ ಇಲ್ಲಿ ಮುಖ್ಯ ಹತ್ಯಾರ. 16 ಗೇಜ್ ಸೂಜಿಯ ಒಳವ್ಯಾಸ ಹತ್ತಿರ ಹತ್ತಿರ 1.2 ಮಿ.ಮೀ., ವೀಲ್ ನಟ್ಟಿಗೆ ಸರಿ. 22 ಗೇಜ್‌ನ ಒಳವ್ಯಾಸ 0.4 ಮಿ.ಮೀ., ಬಾಡಿಯ ರಿವೆಟ್ ತಲೆಗೆ ಸರಿ. ಓರೆಯಾದ ತುದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಹೊರ ಅಂಚನ್ನು ಮಾತ್ರ ಸವರಿ ಚೂಪಾಗಿಸಿ. ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯನ್ನು ರಬ್ಬರ್ ತುಂಡಿನ ಮೇಲಿಟ್ಟು ಸೂಜಿಯನ್ನು ತಿರುವುತ್ತಾ ಒತ್ತಿ, ಒಳಗೆ ಸಿಕ್ಕಿದ ಬಿಲ್ಲೆಯನ್ನು ತೆಳು ತಂತಿಯಿಂದ ಹಿಂದಿನಿಂದ ತಳ್ಳಿ. ಮರದ ಹಲಗೆಯ ಮೇಲೆ ಒತ್ತಿದರೆ ಸೂಜಿಯ ಬಾಯಿ ಮಡಚಿ ಬಿಲ್ಲೆಗಳು ಮೊಟ್ಟೆಯಾಕಾರ ಪಡೆಯುತ್ತವೆ. ಹತ್ತು ಗಾಲಿ ಟಿಪ್ಪರಿನ ಗಾಲಿಗೆ ಸಾಮಾನ್ಯವಾಗಿ ಹತ್ತು ನಟ್ಟು, ಹಳೆಯ ಕೆಲವು ಗಾಡಿಗಳಿಗೆ ಎಂಟು. ನೀವು ಇಟ್ಟುಕೊಂಡ ಫೋಟೊದಲ್ಲಿ ಎಣಿಸಿ. ಕಾಗದದ ಮೇಲೆ ವೃತ್ತ ಬರೆದು 36 ಡಿಗ್ರಿಗೊಂದು ಗುರುತು ಹಾಕಿ, ಗಾಲಿಯ ಮೇಲಿಟ್ಟು ಸೂಜಿಯಿಂದ ಚುಚ್ಚಿಕೊಂಡರೆ ಸಾಲು ತಪ್ಪುವುದಿಲ್ಲ.

ಅಂಟಿಸಲು ಫೆವಿಕ್ವಿಕ್ಕನ್ನು ನೇರ ಟ್ಯೂಬಿನಿಂದ ಹಾಕಬೇಡಿ. ಹಳೆ ಬ್ಲೇಡಿನ ಮೇಲೆ ಒಂದು ಹನಿ ಬಿಟ್ಟು, ಗುಂಡುಸೂಜಿ ತುದಿಯಿಂದ ಎತ್ತಿ ಮುಟ್ಟಿಸಿ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಏಪ್ರಿಲ್–ಮೇ ತಿಂಗಳ ರಾಯಚೂರು, ಬಳ್ಳಾರಿಯ ಒಣ ಮಧ್ಯಾಹ್ನ ಹಿಡಿಯಲು ಸತಾಯಿಸಿದರೆ ಸುಮ್ಮನೆ ಬಾಯಿಂದ ಒಮ್ಮೆ ಹಾ ಎಂದು ಉಸಿರು ಬಿಡಿ. ಮಳೆಗಾಲದಲ್ಲಿ ಇದೇ ಅಂಟು ಸುತ್ತ ಬಿಳಿ ಮಬ್ಬು ಬಿಡುತ್ತದೆ. ಆದ್ದರಿಂದ ಗಾಜಿನ ಹತ್ತಿರ ಅದನ್ನು ಸುಳಿಯಗೊಡಬೇಡಿ, ಅಲ್ಲಿ ಫೆವಿಕಾಲ್ ಸಾಕು.

ಬ್ರೇಕ್ ಪೈಪಿಗೆ, ಲೈಟ್ ವಯರಿಗೆ ಮನೆಯ ವೈರಿಂಗ್ ವಯರ್ ಸುಲಿದರೆ ಸಿಗುವ ತಾಮ್ರದ ಎಳೆಗಳು. 0.2 ಮಿ.ಮೀ. ಎಳೆ ಲೈಟಿಗೆ, 0.3 ಮಿ.ಮೀ. ಎಳೆ ಎರಡು ಸಲ ಬಣ್ಣ ಕಂಡ ಮೇಲೆ ಪೈಪಿನ ದಪ್ಪಕ್ಕೆ ಬರುತ್ತದೆ. ಎಳೆಯನ್ನು ಎರಡು ಸ್ಟೀಲ್ ಪಟ್ಟಿಗಳ ನಡುವೆ ಉರುಳಿಸಿದರೆ ನೆಟ್ಟಗಾಗುತ್ತದೆ. ಪೈಪ್ ಚಾಸಿಗೆ ಅಂಟಿಕೊಂಡು ಸಾಗಿ, ಆಕ್ಸಲ್ ಹತ್ತಿರ ಮಾತ್ರ ಸಡಿಲವಾಗಿ ತುಸು ಜೋಲಬೇಕು. ಸ್ಪ್ರಿಂಗ್ ಮೇಲೆ ಕೆಳಗೆ ಆಡುವಾಗ ಪೈಪ್ ಕೀಳಬಾರದೆಂದು ನಿಜವಾದ ಗಾಡಿಯಲ್ಲಿ ಹಾಗೆ ಬಿಟ್ಟಿರುತ್ತಾರೆ.

ಮಡ್‌ಫ್ಲ್ಯಾಪಿಗೆ ಸೈಕಲ್ ಟ್ಯೂಬ್ ಕತ್ತರಿಸುವವರೇ ಹೆಚ್ಚು. ಟ್ಯೂಬ್ 1 ಮಿ.ಮೀ. ಇದ್ದರೂ ಸ್ಕೇಲಿನಲ್ಲಿ ಅದು ಒಂದು ಇಂಚು ದಪ್ಪದ ರಬ್ಬರ್ ಹಲಗೆ. ಹಳೆಯ ಎಕ್ಸ್‌ರೇ ಫಿಲ್ಮ್ 0.2 ಮಿ.ಮೀ. ಆಸುಪಾಸು ಇರುತ್ತದೆ, ಬಣ್ಣವೂ ಕಪ್ಪೇ. ಕತ್ತರಿಸಿ ಬೆರಳಿಗೆ ಸುತ್ತಿ ಸ್ವಲ್ಪ ಬಾಗಿಸಿ, ಕೆಳ ಅಂಚನ್ನು ಒಂದೆರಡು ಕಡೆ ಹರಿಯಿರಿ.

ಹಗ್ಗ ಮತ್ತು ತಾಡಪತ್ರಿ

ಹೊಲಿಗೆ ದಾರದ ಮೂರೆಳೆ ಹೊಸೆದರೆ 0.6–0.8 ಮಿ.ಮೀ. ಹಗ್ಗ. ದಾರದ ನವಿರು ಕೂದಲುಗಳು ಎದ್ದು ನಿಂತರೆ ಸ್ಕೇಲಿನಲ್ಲಿ ಅವು ಬೆರಳುದ್ದದ ನಾರಿನಂತೆ ಕಾಣುತ್ತವೆ. ಹೊಸೆದ ಮೇಲೆ ಫೆವಿಕಾಲಿಗೆ ನಾಲ್ಕರಷ್ಟು ನೀರು ಬೆರೆಸಿ, ಅದ್ದಿ, ಎರಡು ಬೆರಳ ನಡುವೆ ಎಳೆದು, ತುದಿಗೆ ನಟ್ಟು ಕಟ್ಟಿ ಜೋತುಬಿಡಿ.

ತಾಡಪತ್ರಿಗೆ ಬಟ್ಟೆ ಬೇಡವೇ ಬೇಡ. ಎಷ್ಟೇ ನಯವಾದ ಬಟ್ಟೆಯ ನೇಯ್ಗೆಯೂ 1:24ರಲ್ಲಿ ಗೋಣಿಚೀಲ. ಟಿಶ್ಯೂ ಪೇಪರಿನ ಪದರ ಬಿಡಿಸಿ, ಒಂದೇ ಪದರವನ್ನು ಪ್ಲಾಸ್ಟಿಕ್ ಕವರಿನ ಮೇಲೆ ಹಾಸಿ, ಅದೇ ಫೆವಿಕಾಲ್ ನೀರನ್ನು ಬ್ರಷ್ಷಿನಿಂದ ತಟ್ಟಿ. ಉಜ್ಜಿದರೆ ಹರಿಯುತ್ತದೆ. ಮುಕ್ಕಾಲು ಒಣಗಿದಾಗ ಕವರಿನಿಂದ ಎತ್ತಿ ಬಾಡಿಯ ಮೇಲೆ ಹೊದಿಸಿ, ನೆರಿಗೆಗಳನ್ನು ಹಲ್ಲುಕಡ್ಡಿಯಿಂದ ಕೂರಿಸಿ. ಹಗ್ಗ ಬಿಗಿದ ಕಡೆ ತಾಡಪತ್ರಿ ಒಳಕ್ಕೆ ಒತ್ತಬೇಕು, ಎರಡು ಹಗ್ಗಗಳ ನಡುವೆ ಉಬ್ಬಬೇಕು. ಹೀಗಾಗಿ ಹಗ್ಗ ಕಟ್ಟುವುದು ಟಿಶ್ಯೂ ಪೂರ್ತಿ ಒಣಗುವ ಮೊದಲೇ ಮುಗಿಯಬೇಕು.

ಹಣೆಯ ಬೋರ್ಡು

ನಂಬರ್ ಪ್ಲೇಟನ್ನು ಸ್ಟಿಕರ್ ಹಾಳೆಯ ಮೇಲೆ ಪ್ರಿಂಟ್ ತೆಗೆಸಿ: 340×200 ಮಿ.ಮೀ. ಪ್ಲೇಟ್ 14.2×8.3 ಆಗುತ್ತದೆ, 65 ಮಿ.ಮೀ. ಅಕ್ಷರ 2.7. ಹಳದಿ ಮೇಲೆ ಕಪ್ಪು. ಬಳ್ಳಾರಿಗೆ ಕೆಎ 34, ರಾಯಚೂರಿಗೆ 36, ಕೊಪ್ಪಳಕ್ಕೆ 37. ಕತ್ತರಿಸಿದ ಬಿಳಿ ಅಂಚಿಗೆ ಬಣ್ಣ ಮುಟ್ಟಿಸುವುದನ್ನು ಮರೆಯಬೇಡಿ.

ಹಣೆಯ ಮೇಲಿನ ಬೋರ್ಡು ಮಾತ್ರ ಕೈಯಲ್ಲೇ ಬರೆಯಬೇಕು. ಪೇಂಟರ್ ಬರೆದ ಅಕ್ಷರಕ್ಕೂ ಕಂಪ್ಯೂಟರ್ ಅಕ್ಷರಕ್ಕೂ ಇರುವ ವ್ಯತ್ಯಾಸ ಐದು ಮಿಲಿಮೀಟರಿನಲ್ಲೂ ಕಾಣುತ್ತದೆ. ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’ ಎಂದು ಬರೆಯುತ್ತೀರಿ ಎನ್ನಿ. ಬೋರ್ಡಿನ ಎತ್ತರ 8 ಮಿ.ಮೀ. ಅಕ್ಷರವನ್ನು ಸರಿಯಾಗಿ ನಡುವೆ ಕೂರಿಸಿದರೆ ಶ್ರೀ, ಮ್ಮ, ಪ್ರ, ನ್ನ ಇವುಗಳ ಒತ್ತಕ್ಷರಕ್ಕೆ ಜಾಗವೇ ಉಳಿಯುವುದಿಲ್ಲ, ಅವು ಅಂಚಿಗೆ ಬಡಿದು ಮುದುಡುತ್ತವೆ. ಮೇಲೆ 1 ಮಿ.ಮೀ. ಬಿಟ್ಟು, ಅಕ್ಷರಕ್ಕೆ 4, ಒತ್ತಿಗೆ 2, ಕೆಳಗೆ 1 ಎಂದು ಪೆನ್ಸಿಲ್ ಗೆರೆ ಹಾಕಿಕೊಳ್ಳಿ. ಮೊದಲು ಹೊಟ್ಟೆಯ ಸುತ್ತುಗಳನ್ನಷ್ಟೇ ಬರೆದು ಮುಗಿಸಿ, ತಲೆಕಟ್ಟುಗಳನ್ನು ಕೊನೆಗೆ ಒಂದೇ ಸಾಲಾಗಿ ಇಡುತ್ತಾ ಹೋಗಿ; ಆಗ ಮೇಲ್ಗೆರೆ ಏರಿಳಿಯುವುದಿಲ್ಲ.

ಬೋರ್ಡಿಗೆ ಎನಾಮಲ್ ಬಣ್ಣ ಬಳಿದು ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಮೇಲೆ ಅಕ್ರಿಲಿಕ್‌ನಿಂದ ಬರೆಯಿರಿ. ಹೊಳಪಿನ ನೆಲದ ಮೇಲೆ ತಪ್ಪಿದ ಗೆರೆಯನ್ನು ಒದ್ದೆ ಇಯರ್‌ಬಡ್ಡಿನಿಂದ ಒರೆಸಿ ತೆಗೆಯಬಹುದು. ಟ್ರಿಪಲ್ ಜೀರೊ (000, ಅತಿ ಸಣ್ಣ) ಬ್ರಷ್, ತುದಿ ಮಾತ್ರ ಒಂದೇ ಮೊನೆಗೆ ಕೂಡುವಂಥದ್ದು. ನಮ್ಮ ಕಡೆಯ ಬಿಸಿಲಿಗೆ ಬಣ್ಣ ಬ್ರಷ್ಷಿನ ತುದಿಯಲ್ಲೇ ಒಣಗುತ್ತದೆ. ತೆಳುಮಾಡುವ ನೀರಿಗೆ ಇಪ್ಪತ್ತು ಹನಿಗೆ ಒಂದು ಹನಿ ಗ್ಲಿಸರಿನ್ ಹಾಕಿ. ಹೆಚ್ಚಾದರೆ ಬಣ್ಣ ದಿನಗಟ್ಟಲೆ ಜಿಗುಟಾಗಿರುತ್ತದೆ. ಅಕ್ಷರ ಒರಟಾಗಿ ಬಂದರೆ ಅಕ್ಷರವನ್ನೇ ತಿದ್ದುತ್ತಾ ಕೂರಬೇಡಿ. ನೆಲದ ಬಣ್ಣದಿಂದ ಸುತ್ತಲೂ ಕೆತ್ತಿದಂತೆ ತುಂಬುತ್ತಾ ಬಂದರೆ ಗೆರೆ ತಾನೇ ಚೂಪಾಗುತ್ತದೆ. ನೆರಳು ಕೊಡುವುದಾದರೆ ಎಲ್ಲ ಅಕ್ಷರಕ್ಕೂ ಒಂದೇ ಬದಿಗೆ.

ಲೋಡು

ಅದಿರನ್ನು ಬಾಡಿಯ ತುಂಬ ತುಂಬಿಸುವುದು ದೊಡ್ಡ ತಪ್ಪು. ರಾಶಿ ಹಾಕಿದ ಕಬ್ಬಿಣದ ಅದಿರು ಘನ ಮೀಟರಿಗೆ ಎರಡೂವರೆ ಟನ್ ಆಸುಪಾಸು ತೂಗುತ್ತದೆ. 14 ಘನ ಮೀಟರ್ ಬಾಡಿಗೆ 16 ಟನ್ ಹಾಕಿದರೆ ಅರ್ಧವೂ ತುಂಬುವುದಿಲ್ಲ. ಲೋಡರ್ ಬಕೆಟ್ ಸುರಿದಂತೆ ಎರಡು ಗುಡ್ಡೆ ಮಾಡಿ, ಇಳಿಜಾರು 35–40 ಡಿಗ್ರಿಯಲ್ಲಿರಲಿ. ಒಳಗೆ ಥರ್ಮೋಕೋಲ್ ಕೆತ್ತಿ ಇಡಿ. ಬರೀ ಅದಿರನ್ನೇ ತುಂಬಿದರೆ ಭಾರಕ್ಕೆ ಆಕ್ಸಲ್ ಬಾಗುತ್ತದೆ. ಥರ್ಮೋಕೋಲಿಗೆ ಫೆವಿಕಾಲ್ ಮಾತ್ರ. ಫೆವಿಕ್ವಿಕ್, ಸ್ಪ್ರೇ ಪೇಂಟ್ ಎರಡೂ ಅದನ್ನು ಕರಗಿಸುತ್ತವೆ. 10ರಿಂದ 40 ಮಿ.ಮೀ. ಗಾತ್ರದ ಲಂಪ್ಸ್ (ಅದಿರಿನ ಗಟ್ಟಿಗಳು) 1:24ರಲ್ಲಿ 0.4–1.7 ಮಿ.ಮೀ. ಅದಿರನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಮೇಲೆ ಉಳಿದ ಹರಳು ಲಂಪ್ಸಿಗೆ, ಕೆಳಗೆ ಬಿದ್ದದ್ದು ಫೈನ್ಸಿಗೆ, ಅಂದರೆ ಪುಡಿ ಅದಿರಿಗೆ.

ಬಾಡಿಯ ಒಳಗೋಡೆ ತುಕ್ಕು ಹಿಡಿದಿರುವುದಿಲ್ಲ. ದಿನವೂ ಅದಿರು ಜಾರಿ ಬಣ್ಣ ಸವೆದು ಉಕ್ಕು ಮಿನುಗುತ್ತಿರುತ್ತದೆ. 2ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಮುಂದಿನಿಂದ ಹಿಂದಕ್ಕೆ ತೀಡಿ. ಬಾಡಿಯ ಮೇಲಂಚಿನಲ್ಲಿ ಬಕೆಟ್ ಬಡಿದ ನೆಗ್ಗುಗಳನ್ನು ಗುಂಡು ಅರದಿಂದ ಮೂರು ನಾಲ್ಕು ಕಡೆ ತೋಡಿ.

ಧೂಳು

ಇಡೀ ಕೆಲಸ ನಿಲ್ಲುವುದೂ ಕೆಡುವುದೂ ಇಲ್ಲಿ. ಮೊದಲು ಮ್ಯಾಟ್ ವಾರ್ನಿಶ್ ಬೇಕೇಬೇಕು, ಹೊಳಪಿನ ಮೇಲೆ ಪುಡಿ ನಿಲ್ಲುವುದಿಲ್ಲ. ಸ್ಪ್ರೇ ಡಬ್ಬಿಯಾದರೆ ಬೆಳಗಿನ ತಂಪಿನಲ್ಲಿ, 15–20 ಸೆಂ.ಮೀ. ದೂರದಿಂದ. ಬಿಸಿಲೇರಿದ ಮೇಲೆ ಹೊಡೆದರೆ ಹನಿಗಳು ಗಾಳಿಯಲ್ಲೇ ಒಣಗಿ ಮೈ ಮರಳು ಮರಳಾಗುತ್ತದೆ, ಮಳೆ ದಿನ ಹೊಡೆದರೆ ಬೆಳ್ಳಗಾಗುತ್ತದೆ.

ಬಣ್ಣಕ್ಕೆ ಮನೆಗೋಡೆಗೆ ಬಳಿಯುವ ಜಾಜು (ಕೆಮ್ಮಣ್ಣು) ಮೂರು ಪಾಲು, ಕಡು ಕಂದು ಪುಡಿ ಒಂದು ಪಾಲು, ಚಿಟಿಕೆ ಪೆನ್ಸಿಲ್ ಪುಡಿ. ಈ ಚಿಟಿಕೆ ಬಿಡಬೇಡಿ. ದೋಣಿಮಲೆ ಕಡೆಯ ಅದಿರಿನಲ್ಲಿ ಬ್ಲೂ ಡಸ್ಟ್ ಎಂದು ಕರೆಯುವ ನಯವಾದ ಪುಡಿ ಇದೆ. ಬೆರಳಿಗೆ ತಾಗಿದರೆ ಉಕ್ಕಿನ ನೀಲಿ ಮಿಂಚು, ಉಜ್ಜಿದರೆ ಕೆಂಪು. ಜಾಜೊಂದನ್ನೇ ಹಾಕಿದರೆ ಲಾರಿ ಇಟ್ಟಿಗೆ ಭಟ್ಟಿಯಿಂದ ಬಂದಂತಿರುತ್ತದೆ. ರಸ್ತೆ ಬದಿಯ ನಿಜವಾದ ಧೂಳು ಬಳಸುವುದಾದರೆ ಕಲ್ಬತ್ತಿನಲ್ಲಿ ಅರೆದು, ಹಳೆ ಪಂಚೆಯ ಎರಡು ಮಡಿಕೆಯಲ್ಲಿ ವಸ್ತ್ರಗಾಳಿತ ಮಾಡಿ. ಗಾಡಿ ಸಿಂಧನೂರು, ಮಾನ್ವಿ ಕಡೆ ಓಡುವ ಭತ್ತದ ಲಾರಿಯಾದರೆ ಈ ಬಣ್ಣ ಬೇಡ. ಎರೆ ಮಣ್ಣು ಒಣಗಿದಾಗ ಬೂದಿಯ ಕಡೆಗೆ ವಾಲುತ್ತದೆ, ಒದ್ದೆಯಿದ್ದಲ್ಲಿ ಮಾತ್ರ ಕಪ್ಪು.

ಧೂಳು ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಓಡುವ ಗಾಡಿಯ ಹಿಂದೆ ಗಾಳಿ ಸುಳಿಯಾಗಿ ಧೂಳನ್ನು ಒಳಕ್ಕೆಳೆಯುತ್ತದೆ, ಆದ್ದರಿಂದ ಹಿಂಬಾಗಿಲು ಎಲ್ಲಕ್ಕಿಂತ ಕೆಂಪು. ಆಮೇಲೆ ಚಾಸಿ, ಡೀಸೆಲ್ ಟ್ಯಾಂಕಿನ ಹಿಂಬದಿ, ಗಾಲಿಗಳ ಹಿಂದಿನ ಬಾಡಿ. ಕ್ಯಾಬಿನ್ ಬಾಗಿಲಿನ ಕೆಳಗಿನ ಮೂರನೇ ಒಂದು ಭಾಗಕ್ಕೆ ಸಾಕು. ಟೈರಿನ ಪಕ್ಕಕ್ಕೆ ಧೂಳು, ನೆಲ ಮುಟ್ಟುವ ಪಟ್ಟಿಗೆ ಬೇಡ. ಬಾಗಿಲ ಹಿಡಿಯ ಸುತ್ತ ಕೈ ತಾಗಿ ತಾಗಿ ಸ್ವಚ್ಛವಾಗಿರುತ್ತದೆ, ಮೆಟ್ಟಿಲ ನಡುವೆಯೂ ಅಷ್ಟೆ.

ಗಾಜಿಗೆ ಧೂಳು ಹಾಕುವ ಮೊದಲು ವೈಪರ್ ಓಡುವ ಬೀಸಣಿಗೆಯಾಕಾರಕ್ಕೆ ಟೇಪ್ ಕತ್ತರಿಸಿ ಅಂಟಿಸಿ. ವೈಪರ್ ಕಡ್ಡಿಯ ಉದ್ದವೇ ಆ ಕಮಾನಿನ ತ್ರಿಜ್ಯ, ಬುಡವೇ ಕೇಂದ್ರ. ಕಣ್ಣಳತೆಯಲ್ಲಿ ಕತ್ತರಿಸಿದರೆ ವೈಪರ್ ಮುಟ್ಟಲಾಗದ ಜಾಗವೂ ಒರೆಸಿದಂತೆ ಕಾಣುತ್ತದೆ.

ಒಣ ಬ್ರಷ್ಷಿನಿಂದ ಪುಡಿ ತಟ್ಟಿ, ಐಸೊಪ್ರೊಪೈಲ್ ಆಲ್ಕೊಹಾಲನ್ನು ಬ್ರಷ್ಷಿನ ತುದಿಯಿಂದ ಅಂಚಿಗೆ ಮುಟ್ಟಿಸಿ, ತಾನೇ ಹರಡಿಕೊಳ್ಳುತ್ತದೆ. ಒದ್ದೆಯಿದ್ದಾಗ ಕಡುಬಣ್ಣ ಕಂಡು ಕಂಗೆಡಬೇಡಿ, ಒಣಗಿದ ಮೇಲೆ ಅರ್ಧಕ್ಕರ್ಧ ತಿಳಿಯಾಗುತ್ತದೆ. ಮತ್ತೆ ಬೇಕೆನಿಸಿದರೆ ಎರಡನೇ ಸಲ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಮಾತ್ರ ಹತ್ತಿರ ತರಬೇಡಿ, ಬಣ್ಣದ ಜೊತೆ ಪ್ಲಾಸ್ಟಿಕ್ಕೂ ಕರಗುತ್ತದೆ. ಡೀಸೆಲ್ ಚೆಲ್ಲಿದ ಕಲೆ, ಗ್ರೀಸ್ ಕಲೆ ಧೂಳಿನ ಮೇಲೆ ಬರಬೇಕು: ಕಪ್ಪು-ಕಂದು ಬಣ್ಣಕ್ಕೆ ಹೊಳಪಿನ (ಗ್ಲಾಸಿ) ವಾರ್ನಿಶ್ ಸೇರಿಸಿ, ಟ್ಯಾಂಕ್ ಮುಚ್ಚಳದಿಂದ ಕೆಳಕ್ಕೆ ಒಂದೇ ಎಳೆ. ಕಡೆಯ ಧೂಳಿನ ಮೇಲೆ ಮತ್ತೆ ವಾರ್ನಿಶ್ ಹೊಡೆದರೆ ಮೇಲ್ಪದರ ಮಾಯವಾಗುತ್ತದೆ. ಹೊಡೆಯದೆ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಎತ್ತುವಾಗ ಚಾಸಿಯ ಕೆಳಗಿನಿಂದ ಹಿಡಿಯಿರಿ.

ದೃಷ್ಟಿಗೆ ಕಟ್ಟುವುದು

ನಿಂಬೆಹಣ್ಣು 40 ಮಿ.ಮೀ. ಎಂದರೆ 1.7, ದಪ್ಪ ಸಾಸಿವೆ ಕಾಳಿಗೆ ಹಳದಿ ಬಳಿದರೆ ಆಯಿತು. ಮೆಣಸಿನಕಾಯಿಗೆ ಮೇಣದಬತ್ತಿಯ ಬಿಸಿಗೆ ಎಳೆದ ಪ್ಲಾಸ್ಟಿಕ್ ಕಡ್ಡಿ, 3 ಮಿ.ಮೀ. ತುಂಡುಗಳು, ಹಸಿರು. 0.2 ಮಿ.ಮೀ. ತಾಮ್ರದ ಎಳೆಯಲ್ಲಿ ಪೋಣಿಸಿ, ಎಳೆಗೆ ಕಪ್ಪು ಬಣ್ಣ ಕೊಟ್ಟು ಬಂಪರಿಗೆ ಕಟ್ಟಿ. ಇದನ್ನು ಧೂಳು ಹಾಕಿ ಮುಗಿದ ಮೇಲೆಯೇ ಕಟ್ಟಬೇಕು. ಗಾಡಿಯ ಮೈ ಎಷ್ಟೇ ಕೆಂಪಾಗಿದ್ದರೂ ನಿಂಬೆಹಣ್ಣನ್ನು ಆಗಾಗ ಬದಲಿಸುತ್ತಾರೆ, ಅದು ಹೊಸದಾಗಿಯೇ ಕಾಣಬೇಕು. ಪಕ್ಕದಲ್ಲಿ ಹಳೆಯದೊಂದು ಒಣಗಿ ಕಪ್ಪಾಗಿ ಉಳಿದಿದ್ದರೆ ಇನ್ನೂ ಸರಿ.