ಶೇಡ್ ಕಾರ್ಡ್ ಪಕ್ಕಕ್ಕಿಡಿ, ಮೊದಲು ಗೋಡೆ ನೋಡಿ

ಚಿಕ್ಕಪೇಟೆಗೆ ಸೀರೆ ತರಲು ಹೋದರೆ ನಮ್ಮಮ್ಮ ಒಂದು ಕೆಲಸ ತಪ್ಪಿಸುವುದಿಲ್ಲ. ಸೀರೆ ಒಪ್ಪಿಗೆಯಾದ ಮೇಲೆ, ದುಡ್ಡು ಕೊಡುವ ಮುಂಚೆ, ಅದನ್ನು ಹಿಡಿದುಕೊಂಡು ಅಂಗಡಿ ಬಾಗಿಲಿಗೆ ಬರುತ್ತಾರೆ. ಬಿಸಿಲಲ್ಲಿ ಸೆರಗು ಬಿಡಿಸಿ ನೋಡುತ್ತಾರೆ. ಒಳಗೆ ಟ್ಯೂಬ್‌ಲೈಟ್ ಕೆಳಗೆ ನೇರಳೆ ಅಂತ ಕಂಡದ್ದು ಹೊರಗೆ ಬಂದಾಗ ಬದನೆಕಾಯಿ ಬಣ್ಣ ಆಗಿರುತ್ತದೆ, ವಾಪಸ್ ಮಡಚಿ ಕೊಟ್ಟು ಇನ್ನೊಂದು ತೆಗೆಸುತ್ತಾರೆ. ಒಂದು ಸೀರೆಗೆ ಇಷ್ಟು ಎಚ್ಚರ. ಆದರೆ ಲಕ್ಷಗಟ್ಟಲೆ ಸುರಿದು ಬಣ್ಣ ಹೊಡೆಸುವ ಮನೆಗೆ ಮಾತ್ರ ನಾವು ಅಂಗಡಿಯಲ್ಲೇ ನಿಂತು, ಶೇಡ್ ಕಾರ್ಡಿನ ಅಂಚೆಚೀಟಿಯಷ್ಟು ಅಗಲದ ಬಣ್ಣದ ಚೌಕದ ಮೇಲೆ ಬೆರಳಿಟ್ಟು, 'ಇದೇ ಇರಲಿ ಬಿಡಿ' ಅಂತೀವಿ.

ನಾನೂ ಹಾಗೆ ಬೆರಳಿಟ್ಟವನೇ. ಗಿರಿನಗರದಲ್ಲಿ ನಮ್ಮದು ಒಂದೇ ಮಹಡಿಯ ಹಳೇ ಮನೆ. ಹಾಲ್‌ಗೆ ಕೆನೆ ಬಣ್ಣ ಆರಿಸಿದೆ. ಎರಡನೇ ಕೋಟ್ ಒಣಗಿದ ಮಾರನೇ ದಿನ ಬೆಳಿಗ್ಗೆ ನೋಡುತ್ತೇನೆ, ಹಾಲ್ ಪೂರ್ತಿ ಪಾಚಿ ಕಟ್ಟಿದ ಹಾಗೆ ಹಸಿರು ಹಸಿರು. ಡಬ್ಬ ಬದಲಾಗಿದೆ ಅಂತ ಪೇಂಟಿಂಗ್ ಮೇಸ್ತ್ರಿಯ ಮೇಲೆ ಕೂಗಾಡಿದೆ. ಅವರು ಏನೂ ಮಾತಾಡದೆ ಕಿಟಕಿ ಕಡೆ ಕೈ ತೋರಿಸಿದರು. ಐದಡಿ ಆಚೆಗೆ ಪಕ್ಕದವರ ಮೂರು ಮಹಡಿಯ ಗೋಡೆ, ಅದಕ್ಕೆ ಗಿಳಿ ಹಸಿರು ಬಣ್ಣ. ಬೆಳಗಿನ ಬಿಸಿಲು ಮೊದಲು ಅಲ್ಲಿಗೆ ಬಡಿದು, ಆಮೇಲೆ ನಮ್ಮ ಹಾಲಿಗೆ ಬರುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಅದೇ ಗೋಡೆ ಮತ್ತೆ ಕೆನೆ. ಕ್ಷಮೆ ಕೇಳಿ ಕಾಫಿ ಕೊಟ್ಟೆ, ಇನ್ನೇನು ಮಾಡೋದು.

ಅದಕ್ಕೇ ಮೊದಲ ಹೆಜ್ಜೆ ಅಂಗಡಿಗೆ ಹೋಗುವುದಲ್ಲ. ಮನೆಯಲ್ಲಿ ಕೂರುವುದು.

ಒಂದು ಭಾನುವಾರ ಬೆಳಕಿಗೆ ಕೊಡಿ

ರಜೆ ದಿನ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಐದಕ್ಕೆ, ಮತ್ತೆ ಲೈಟ್ ಹಾಕಿದ ಮೇಲೆ ಒಂದು ಸಲ, ಹೀಗೆ ಪ್ರತಿ ರೂಮನ್ನೂ ನಾಲ್ಕು ಸಲ ನೋಡಿ. ಫೋನಲ್ಲಿ ಫೋಟೊ ತೆಗೆದರೆ ಸಾಲದು. ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಿಬಿಡುತ್ತದೆ. ಕಣ್ಣಲ್ಲೇ ನೋಡಿ, ಚೀಟಿಯಲ್ಲಿ ಬರೆದಿಡಿ.

ಉತ್ತರಕ್ಕೆ ಕಿಟಕಿ ಇರುವ ರೂಮಿಗೆ ವರ್ಷದ ಬಹುಪಾಲು ನೇರ ಬಿಸಿಲು ಬರುವುದಿಲ್ಲ. ಬೆಳಕು ಮೆತ್ತಗೆ, ಸ್ವಲ್ಪ ನೀಲಿ ಛಾಯೆಯದ್ದು. ಅಲ್ಲಿ ಬೂದು, ತಿಳಿ ನೀಲಿ ಹಾಕಿದರೆ ಮಳೆಗಾಲದಲ್ಲಿ ರೂಮು ಸಪ್ಪೆ ಹೊಡೆಯುತ್ತದೆ. ಗೋಧಿ ಬಣ್ಣ, ಕೆನೆ, ರಾಗಿ ಹಿಟ್ಟಿನ ತಿಳಿ ಛಾಯೆಯಂಥ ಬೆಚ್ಚನೆಯ ಬಣ್ಣಗಳು ಹೊಂದುತ್ತವೆ. ಪಶ್ಚಿಮದ ರೂಮು ಇದಕ್ಕೆ ಉಲ್ಟಾ. ಮೂರು ಗಂಟೆ ಮೇಲೆ ಬರುವ ಬಿಸಿಲೇ ಹಳದಿ, ಅದರ ಮೇಲೆ ನೀವೂ ಹಳದಿ ಬಳಿದರೆ ಗೋಡೆ ಕಿರುಚುತ್ತದೆ. ಅಲ್ಲಿ ತಿಳಿ ಹಸಿರು, ಬೂದು ಚೆನ್ನ. ಜಯನಗರದಂಥ ಕಡೆ ಕಿಟಕಿಗೇ ಹೊಂಗೆ ಮರ ಒರಗಿದ್ದರೆ ಅದರ ಹಸಿರೂ ಒಳಗೆ ಬರುತ್ತದೆ. ಅದು ಪಕ್ಕದ ಮನೆ ಪೇಂಟ್ ಹಸಿರಿನ ಥರ ಕಾಟ ಕೊಡುವುದಿಲ್ಲ ಅನ್ನುವುದು ನನ್ನ ಪಕ್ಷಪಾತ ಇರಬಹುದು.

ಇಪ್ಪತ್ತಡಿಗೆ ಮೂವತ್ತಡಿ ಸೈಟಿನಲ್ಲಿ ಅಕ್ಕಪಕ್ಕ ಒತ್ತಿ ಕಟ್ಟಿದ ಮನೆಗಳ ಕೆಳಮಹಡಿಯಲ್ಲಿ ಬೆಳಕೇ ಕಮ್ಮಿ. ಅಲ್ಲಿ ಯಾವ ಬಣ್ಣ ಆರಿಸಿದರೂ ಕಾರ್ಡಿಗಿಂತ ಒಂದೆರಡು ಪಟ್ಟು ಕಪ್ಪಾಗಿ ಕಾಣುತ್ತದೆ. ಇದಕ್ಕೆ ಒಂದು ಅಳತೆ ಇದೆ: ಎಲ್‌ಆರ್‌ವಿ. ಗೋಡೆ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವ ಅಂಕ, ಸೊನ್ನೆಯಿಂದ 100ರವರೆಗೆ. ಅಚ್ಚ ಕಪ್ಪಿಗೆ ಸೊನ್ನೆ, ಅಚ್ಚ ಬಿಳಿಗೆ 100. ಅನೇಕ ಕಂಪನಿಗಳ ದೊಡ್ಡ ಶೇಡ್ ಪುಸ್ತಕದಲ್ಲಿ ಪ್ರತಿ ಬಣ್ಣದ ಜೊತೆ ಇದು ಇರುತ್ತದೆ, ಇಲ್ಲದಿದ್ದರೆ ಅಂಗಡಿಯವರನ್ನೇ ಕೇಳಿ. ಕತ್ತಲೆ ರೂಮಿಗೆ 70ಕ್ಕಿಂತ ಮೇಲಿನದ್ದು ಆರಿಸಿದರೆ ಹಗಲಲ್ಲಿ ಲೈಟ್ ಹಾಕುವ ಕಷ್ಟ ಕಮ್ಮಿಯಾಗುತ್ತದೆ.

ಲೈಟ್ ಅಂದ ಮೇಲೆ ನೆನಪಾಯಿತು. ಬಲ್ಬಿನ ಪೆಟ್ಟಿಗೆ ಮೇಲೆ 6500 ಕೆ ಅಂತ ಇದ್ದರೆ ಅದು ನೀಲಿ ಬಿಳಿ, 3000 ಕೆ ಅಂತ ಇದ್ದರೆ ಹಳದಿ. ಪೇಂಟ್ ಆದ ಮೇಲೆ ಬಲ್ಬ್ ಬದಲಾಯಿಸಿದರೆ ಬಣ್ಣವೇ ಬದಲಾದಂತೆ ಕಾಣುತ್ತದೆ. ಮೊದಲು ಬಲ್ಬ್ ಯಾವುದು ಅಂತ ತೀರ್ಮಾನ ಮಾಡಿ.

ನೆಲ ಏನು ಹೇಳುತ್ತದೆ?

ಗೋಡೆ ಬಣ್ಣ ಐದಾರು ವರ್ಷಕ್ಕೆ ಬದಲಾಗುತ್ತದೆ. ನೆಲ, ಬಾಗಿಲು, ಅಡುಗೆಮನೆ ಗ್ರಾನೈಟು ಬದಲಾಗುವುದಿಲ್ಲ. ಹಾಗಾಗಿ ಅವುಗಳಿಗೆ ಹೊಂದುವುದನ್ನೇ ಹುಡುಕಬೇಕು. ಬಸವನಗುಡಿಯ ಹಳೇ ಮನೆಗಳಲ್ಲಿರುವ ರೆಡ್ ಆಕ್ಸೈಡ್ ನೆಲಕ್ಕೆ ಗುಲಾಬಿ ಗೋಡೆ ಹೊಡೆಸಿದ್ದು ನೋಡಿದ್ದೇನೆ, ನೋಡಿದವರಿಗೆ ತಲೆನೋವು. ಆ ನೆಲಕ್ಕೆ ಸುಣ್ಣದ ಬಿಳಿಯಷ್ಟು ಚೆಂದ ಬೇರೆ ಇಲ್ಲ. ಬಿಳಿ ಟೈಲ್ಸ್ ಹಾಕಿದ ಮನೆಗೆ ಅಚ್ಚ ಬಿಳಿ ಗೋಡೆಯೂ ಆದರೆ ಲ್ಯಾಬ್‌ನಲ್ಲಿ ಕೂತ ಹಾಗೆ, ಅಲ್ಲಿ ಸ್ವಲ್ಪ ಬಣ್ಣ ಬೇಕೇ ಬೇಕು.

ಎಲ್ಲರೂ ಎಡವುವುದು 'ಆಫ್ ವೈಟ್' ಹತ್ತಿರ. ಆಫ್ ವೈಟ್ ಅಂತ ಒಂದು ಬಣ್ಣ ಇಲ್ಲ. ಒಂದರ ಹೊಟ್ಟೆಯಲ್ಲಿ ಗುಲಾಬಿ ಇರುತ್ತದೆ, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ಹಳದಿ. ಕಾರ್ಡ್ ನೋಡಿದರೆ ಎಲ್ಲ ಒಂದೇ ಥರ. ಜೆರಾಕ್ಸ್ ಅಂಗಡಿಯ ಒಂದು ಬಿಳಿ ಹಾಳೆ ತನ್ನಿ, ಶೇಡನ್ನು ಅದರ ಮೇಲಿಟ್ಟು ನೋಡಿ. ಒಳಗಿನ ಛಾಯೆ ತಟ್ಟನೆ ಹೊರಗೆ ಬರುತ್ತದೆ. ಇನ್ನೊಂದು ಉಪಾಯ ಇದೆ, ಕಾರ್ಡಿನ ಅದೇ ಪಟ್ಟಿಯ ಕೊನೆಯಲ್ಲಿರುವ ಅತಿ ಗಾಢ ಬಣ್ಣ ನೋಡಿ. ಕೊನೆಯದ್ದು ಕಂದು ಗುಲಾಬಿ ಆಗಿದ್ದರೆ ಮೇಲಿನ ತಿಳಿ ಬಣ್ಣವೂ ಗೋಡೆ ತುಂಬಿದಾಗ ಗುಲಾಬಿ ಕಡೆಗೇ ವಾಲುತ್ತದೆ.

ರಟ್ಟಿನ ಮೇಲೆ ಹೊಡೆಯಿರಿ, ಗೋಡೆ ಮೇಲಲ್ಲ

ಈಗ ಅಂಗಡಿಗೆ ಹೋಗಿ. ಮೂರು ಬಣ್ಣ ಮಾತ್ರ ಆರಿಸಿ, ಮೂರಕ್ಕೂ ಸಣ್ಣ ಸ್ಯಾಂಪಲ್ ಡಬ್ಬ ತನ್ನಿ. ಎಲ್ಲರೂ ಮಾಡುವ ಹಾಗೆ ಗೋಡೆ ಮಧ್ಯೆ ಅಕ್ಕಪಕ್ಕ ಮೂರು ಪಟ್ಟೆ ಎಳೆಯಬೇಡಿ. ಹಳೇ ಬಣ್ಣ ಸುತ್ತ ಇರುವಾಗ ಹೊಸದು ಹೇಗಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಮೂರೂ ಒಂದರ ಮೇಲೊಂದು ಜಗಳ ಆಡುತ್ತವೆ. ಬದಲಿಗೆ ಫ್ರಿಜ್ಜಿನ ಪೆಟ್ಟಿಗೆಯಂಥ ದಪ್ಪ ರಟ್ಟು ತೆಗೆದುಕೊಂಡು ಎರಡಡಿ ಚೌಕ ಕತ್ತರಿಸಿ, ಮೊದಲು ಬಿಳಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಹೊಡೆಯಿರಿ. ಸುತ್ತ ಎರಡು ಇಂಚು ಬಿಳಿ ಅಂಚು ಬಿಡಿ.

ನಾನು ಹಾಲ್ ರಿಪೇರಿ ಮಾಡುವಾಗ ಎರಡನೇ ಸಲ ಹೀಗೇ ಮಾಡಿದೆ. ರಟ್ಟುಗಳನ್ನು ಸೋಫಾ ಹಿಂದೆ ಒರಗಿಸಿದೆ, ಕಿಟಕಿ ಎದುರಿಗೆ ನಿಲ್ಲಿಸಿದೆ, ಮೂಲೆಗೆ ತಳ್ಳಿದೆ. ಮೂಲೆಯಲ್ಲಿ ಬಣ್ಣ ಯಾವಾಗಲೂ ಗಾಢವಾಗುತ್ತದೆ, ಎರಡು ಗೋಡೆ ಒಂದಕ್ಕೊಂದು ಬಣ್ಣ ಎರಚುತ್ತವಲ್ಲ. ಎರಡು ದಿನದಲ್ಲಿ ನನಗೆ ಬಹಳ ಇಷ್ಟವಾಗಿದ್ದ ಬೂದು ಬಣ್ಣ ಔಟ್. ಹತ್ತು ಗಂಟೆ ಹಸಿರು ಬೆಳಕಿಗೆ ಅದು ಒದ್ದೆ ಸಿಮೆಂಟಿನ ಥರ ಕಂಡಿತು. ಗೆದ್ದದ್ದು ಸ್ವಲ್ಪ ಕೆಂಪು ಬೆರೆತ ಗೋಧಿ ಬಣ್ಣ. ಹಸಿರನ್ನು ಕೆಂಪು ತಿಂದುಹಾಕುತ್ತದೆ. ಪಕ್ಕದವರಿಗೆ ಈ ಕಥೆ ಇನ್ನೂ ಹೇಳಿಲ್ಲ.

ಇನ್ನು ಒಂದು ಮಾತು. ಕಾರ್ಡಿನಲ್ಲಿ ಕಂಡ ಬಣ್ಣ ನಾಲ್ಕು ಗೋಡೆಗೆ ಹತ್ತಿದಾಗ ಜೋರಾಗುತ್ತದೆ. ಒಳಗಿನ ಗೋಡೆಗಳಿಗೆ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಮೆಟ್ಟಿಲು ತಿಳಿ ಬಣ್ಣ ತೆಗೆದುಕೊಳ್ಳಿ.

ರೂಮು ರೂಮಿಗೂ ಬೇರೆ ಬಣ್ಣ ಬೇಕಾ ಅಂತ ಕೇಳುತ್ತಾರೆ. ಬೇಡ. ಒಂದು ರೂಮಿನಿಂದ ನಿಂತು ನೋಡಿದಾಗ ಎಷ್ಟು ಗೋಡೆ ಕಾಣುತ್ತವೋ ಅವೆಲ್ಲ ಒಂದೇ ಕುಟುಂಬದ್ದಾದರೆ ಸಾಕು. ಸೀಲಿಂಗ್ ಬಿಳಿ ಇರಲಿ. ಒಂದು ಗೋಡೆಗೆ ಮಾತ್ರ ಕಡು ಕೆಂಪೋ ಕಡು ಹಳದಿಯೋ ಬೇಕು ಅಂದರೆ ಇನ್ನೊಂದು ಕೋಟಿನ ಖರ್ಚಿಗೆ ರೆಡಿ ಇರಿ, ಅಂಥ ಬಣ್ಣಗಳ ಬೇಸ್‌ನಲ್ಲಿ, ಅಂದರೆ ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ, ಕೆಳಗಿನದನ್ನು ಮುಚ್ಚುವ ಬಿಳಿ ಪಿಗ್ಮೆಂಟ್ ಕಮ್ಮಿ ಇರುತ್ತದೆ. ಹೊಳಪಿನ ವಿಷಯದಲ್ಲಿ ಲೆಕ್ಕ ಸುಲಭ: ಗೋಡೆ ನುಣುಪು ಮಾಡುವ ಪುಟ್ಟಿ ಕೆಲಸ ಅಷ್ಟಕ್ಕಷ್ಟೇ ಆಗಿದ್ದರೆ ಹೊಳಪಿಲ್ಲದ ಮ್ಯಾಟ್, ಅದು ಉಬ್ಬುತಗ್ಗು ಮುಚ್ಚುತ್ತದೆ. ಮಕ್ಕಳಿರುವ ಮನೆ, ಅಡುಗೆಮನೆಗೆ ಒರೆಸಿದರೆ ಕೊಳೆ ಹೋಗುವ, ತುಸು ಹೊಳಪಿನ ಸ್ಯಾಟಿನ್. ಕಿಟಕಿ ಸರಳು, ಬಾಗಿಲಿನ ಹಳೇ ಎನಾಮಲ್ ಪೇಂಟನ್ನು ಉಜ್ಜಿಸುವಾಗ ಮಕ್ಕಳನ್ನು ದೂರ ಇಡಿ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಳೆಯ ಪದರದ ಧೂಳು ಒಳ್ಳೆಯದಲ್ಲ.

ಹೊರಗಿನ ಗೋಡೆಗೆ ಬೇರೆಯೇ ಲೆಕ್ಕ

ಒಳಗೆ ಬಣ್ಣಕ್ಕೆ ಕಣ್ಣು ಮಾತ್ರ ಪರೀಕ್ಷಕ. ಹೊರಗೆ ಬಿಸಿಲು, ಮಳೆ, ಧೂಳು ಮೂರೂ ಸೇರಿ ಪರೀಕ್ಷೆ ಮಾಡುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ತಂಪು ಊರು ಅಂದುಕೊಳ್ಳುತ್ತೇವೆ, ಆದರೆ ಬಣ್ಣ ಸುಡುವ ಅತಿನೇರಳೆ ಕಿರಣ ಇಲ್ಲಿ ಕಮ್ಮಿ ಏನಿಲ್ಲ. ಮೊದಲು ಸೋಲುವುದು ಥಳಥಳ ಕೆಂಪು, ನೇರಳೆ, ನಿಂಬೆ ಹಳದಿ. ಗಟ್ಟಿ ನಿಲ್ಲುವುದು ಕಬ್ಬಿಣದ ಆಕ್ಸೈಡ್‌ನಿಂದ ಬರುವ ಬಣ್ಣಗಳು: ಇಟ್ಟಿಗೆ ಕೆಂಪು, ಕಾವಿ, ಮಣ್ಣಿನ ಹಳದಿ, ಕಂದು. ನಮ್ಮ ಹಿರಿಯರು ಗೋಡೆಗೆ ಕೆಮ್ಮಣ್ಣು ಬಳಿಯುತ್ತಿದ್ದರಲ್ಲ, ಅದೇ ಕಬ್ಬಿಣ. 1868ರ ಅಠಾರ ಕಚೇರಿಯ, ಅಂದರೆ ಈಗಿನ ಹೈಕೋರ್ಟ್ ಕಟ್ಟಡದ ಕೆಂಪು ಕಬ್ಬನ್ ಪಾರ್ಕಿನ ಹಸಿರಿನ ಎದುರು ಎಷ್ಟು ಹೊಂದಿಕೊಂಡಿದೆ ಒಂದು ಸಲ ನಿಂತು ನೋಡಿ. ಮರ ಇರುವ ಬೀದಿಗೆ ಮಣ್ಣಿನ ಬಣ್ಣ ಯಾಕೆ ಹೊಂದುತ್ತದೆ ಅನ್ನುವುದಕ್ಕೆ ಬೇರೆ ಪಾಠ ಬೇಡ.

ಅಚ್ಚ ಬಿಳಿ ಮನೆ ಫೋಟೊದಲ್ಲಿ ಸೊಗಸು. ಎರಡು ಮಳೆಗಾಲ ಕಳೆಯಲಿ, ಸಜ್ಜದ ಕೆಳಗೆ, ಪ್ಯಾರಪೆಟ್ ಅಂಚಿನಿಂದ ಕಪ್ಪು ಕಣ್ಣೀರು ಇಳಿದಿರುತ್ತದೆ. ಅದರಲ್ಲೂ ಬಿಸಿಲು ಬೀಳದ ಗೋಡೆಗೆ ಪಾಚಿ ಬೇಗ. ಹಾಗಂತ ಕಡು ಬೂದು ಹೊಡೆಸಿದರೆ ಪಶ್ಚಿಮದ ಗೋಡೆ ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು ಕುಡಿದು ರಾತ್ರಿ ಬೆಡ್‌ರೂಮಿಗೆ ಉಗುಳುತ್ತದೆ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ಆಗಿತ್ತು, ಮರೆತಿಲ್ಲ ಅಲ್ವಾ? ನಡುವಿನ ದಾರಿ ಹಿಡಿಯಿರಿ: ದೊಡ್ಡ ಗೋಡೆಗಳಿಗೆ ಮಾಸಲು ಕೆನೆ, ತಿಳಿ ಬೂದು, ಮರಳಿನ ಬಣ್ಣ. ನೆಲದಿಂದ ಎರಡಡಿ ಮಾತ್ರ ಗಾಢ ಪಟ್ಟಿ. ಜೋರು ಮಳೆಗೆ ಕೆಂಪು ಮಣ್ಣು ಚಿಮ್ಮುವುದು ಅಲ್ಲಿಗೇ. ಹಳ್ಳಿ ಮನೆಗಳ ಕೆಳಗಿನ ಕೆಮ್ಮಣ್ಣಿನ ಪಟ್ಟಿ ಬರೀ ಚೆಂದಕ್ಕೆ ಇದ್ದದ್ದಲ್ಲ.

ಹೊರಗೆ ಬಿಸಿಲಿಗೆ ಬಣ್ಣ ತೆಳ್ಳಗೆ ಕಾಣುತ್ತದೆ. ಹಾಗಾಗಿ ಇಲ್ಲಿ ಒಳಗಿನದ್ದಕ್ಕೆ ಉಲ್ಟಾ, ಒಂದು ಮೆಟ್ಟಿಲು ಗಾಢ ಮತ್ತು ಸ್ವಲ್ಪ ಮಂಕು ಬಣ್ಣ ಆರಿಸಿ. ಸ್ಯಾಂಪಲನ್ನು ಎದುರು ಫುಟ್‌ಪಾತ್‌ನಿಂದ ನೋಡಿ, ಏಣಿ ಮೇಲಿಂದ ಅಲ್ಲ. ಅಪಾರ್ಟ್‌ಮೆಂಟ್‌ನವರು ಬಾಲ್ಕನಿ ಗೋಡೆ ಮುಟ್ಟುವ ಮುಂಚೆ ಅಸೋಸಿಯೇಷನ್ ಕೇಳಿ, ಸುಮ್ನೆ ಜಗಳ ಯಾಕೆ.

ಹೊರಗಿನ ಕೆಲಸಕ್ಕೆ ಸಂಕ್ರಾಂತಿಯಿಂದ ಯುಗಾದಿವರೆಗಿನ ಕಾಲ ಒಳ್ಳೆಯದು. ನಾವು ಮಾಡುವುದು ಮಾತ್ರ ಗೌರಿ ಗಣೇಶ ಹಬ್ಬದ ಮುಂಚೆ, ಸರಿಯಾಗಿ ಮಳೆ ಹೊತ್ತಿಗೆ. ಹೊಸ ಮನೆಯವರಿಗೆ ಗೃಹಪ್ರವೇಶದ ಮುಹೂರ್ತದ ಅವಸರ. ಹೊಸ ಗಾರೆ ಕನಿಷ್ಠ 28 ದಿನ ಒಣಗದಿದ್ದರೆ ಗೋಡೆಯಿಂದ ಉಪ್ಪು ಏಳುತ್ತದೆ, ಎಷ್ಟೇ ದುಬಾರಿ ಬಣ್ಣವಾದರೂ ಬಿಳಚಿಕೊಂಡು ಪುಡಿ ಉದುರುತ್ತದೆ. ಮುಹೂರ್ತ ಮುಂದೂಡಲು ಆಗದಿದ್ದರೆ ಪ್ರೈಮರ್ ಹೊಡೆಸಿಯೇ ಹಾಲು ಉಕ್ಕಿಸಿ, ಬಣ್ಣ ಆಮೇಲೆ ನೋಡಿಕೊಳ್ಳಿ.

ಕೊನೆಗೆ ಡಬ್ಬ ತರುವಾಗ ಒಂದು ಗೋಡೆಗೆ ಬೇಕಾದಷ್ಟನ್ನು ಒಂದೇ ಸಲ ಮಿಕ್ಸ್ ಮಾಡಿಸಿ. ನಡುವೆ ಸಾಲದೆ ಬಂದು ಮತ್ತೊಂದು ಡಬ್ಬ ತಂದರೆ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ, ಅದು ಗೋಡೆಯ ನಡುವೆಯೇ ಕಾಣುತ್ತದೆ. ಅರ್ಧ ಲೀಟರ್ ಉಳಿಸಿಕೊಳ್ಳಿ. ಶೇಡ್ ನಂಬರು, ಕಂಪನಿ, ಬೇಸ್, ತಂದ ದಿನ ಇಷ್ಟನ್ನೂ ಮಾರ್ಕರ್ ಪೆನ್ನಿನಲ್ಲಿ ಅಟ್ಟದ ಬಾಗಿಲಿನ ಒಳಗಡೆ ಬರೆದಿಡಿ. ನಮ್ಮ ಅಟ್ಟದ ಬಾಗಿಲಲ್ಲಿ ಈಗ ಎರಡು ನಂಬರಿವೆ, ಮೊದಲನೆಯದಕ್ಕೆ ಅಡ್ಡಗೆರೆ ಎಳೆದಿದೆ.