ಒಂದು ಲೋಟ, 36 ಫೋಟೋ

ನನಗೆ ನೋಡೋದು ಕಲಿಸಿದ್ದು ಹೊಸ ಕ್ಯಾಮೆರಾ ಅಲ್ಲ, ಕಿಟಕಿ ಪಕ್ಕದ ಒಂದು ಗಾಜಿನ ಲೋಟ. 35 ಎಂಎಂ ಫಿಲ್ಮ್ ರೋಲ್‌ನಲ್ಲಿ ಸಾಮಾನ್ಯವಾಗಿ 24 ಅಥವಾ 36 ಫೋಟೋ ಬರುತ್ತವೆ, ಅಲ್ವಾ? ಅದೇ ಲೆಕ್ಕ ಹಿಡಿಯಿರಿ. ಮನೆಯಲ್ಲಿರುವ ಒಂದೇ ವಸ್ತುವನ್ನು 36 ಸಲ ತೆಗೆಯಿರಿ. ಯಾವುದನ್ನೂ ಅಳಿಸಬೇಡಿ. ಜೂಮ್ ಬೇಡ, ಕಾಲಿಗೆ ಕೆಲಸ ಕೊಡಿ.

ಮೊದಲ 10 ಸುಲಭ. ಆಮೇಲೆ ಬೇಜಾರು ಶುರುವಾಗುತ್ತದೆ. ದಯವಿಟ್ಟು ಅಲ್ಲಿ ನಿಲ್ಲಿಸಬೇಡಿ! 20ನೇ ಫೋಟೋಗೆ ನಾನು ನೆಲದ ಮೇಲೆ ಮಲಗಿದೆ. ಲೋಟಕ್ಕಿಂತ ಅದರ ನೆರಳೇ ಚೆಂದ ಅಂತ ಆಗ ಗೊತ್ತಾಯಿತು. ಬೆಳಕು ಹಿಂದಿನಿಂದ ಬಂದರೆ ಗಾಜಿನ ಅಂಚು ಹೊಳೆಯುತ್ತದೆ. ಬಟ್ಟೆ, ಮರದಂಥ ವಸ್ತುಗಳಿಗೆ ಪಕ್ಕದ ಬೆಳಕು ಒಳ್ಳೆಯದು, ಮೇಲ್ಮೈಯ ಉಬ್ಬು ತಗ್ಗು ಎದ್ದು ಕಾಣುತ್ತದೆ.

ಹೆಚ್ಚಿನ ಫೋನ್‌ಗಳಲ್ಲಿ ಪರದೆಯನ್ನು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಆಮೇಲೆ ಬೆರಳು ಕೆಳಗೆ ಎಳೆದು ಬೆಳಕು ತಗ್ಗಿಸಿ. ಕಪ್ಪು ಬಿಳುಪಿನಲ್ಲೂ ಒಮ್ಮೆ ಮಾಡಿ.

ಫೋಟೋಗಳನ್ನು ಅವತ್ತೇ ನೋಡಬೇಡಿ. ಮರುದಿನ 3 ಮಾತ್ರ ಆರಿಸಿ. ಪ್ರತಿಯೊಂದೂ ಯಾಕೆ ಇಷ್ಟವಾಯಿತು ಅಂತ ಒಂದು ಸಾಲು ಬರೆಯಿರಿ. ಸುಮ್ನೆ 'ಚೆನ್ನಾಗಿದೆ' ಅಂತ ಬರೆದರೆ ಸಾಲದು. ನನ್ನ ಮೊದಲ ಸಾಲು ಹೀಗಿತ್ತು: 'ನೆರಳು ಮೇಜಿನ ಅಂಚು ದಾಟಿದೆ.'